ಸತ್ಯಾಂಶ: ಎಚ್‌ಆರ್‌ವಿ 50ಕ್ಕಿಂತ ಕಡಿಮೆ ಇದ್ದರೆ ಹೃದಯಾಘಾತವೇ?

‘ಸ್ಮಾರ್ಟ್‌ವಾಚ್‌ನಲ್ಲಿ ಎಚ್‌ಆರ್‌ವಿ 50ಕ್ಕಿಂತ ಕೆಳಗಿಳಿದರೆ ಹೃದಯಾಘಾತ ಹತ್ತಿರ’ ಎಂಬಂಥ ವಾಟ್ಸ್‌ಆ್ಯಪ್ ಸಂದೇಶ ನಂಬಬೇಡಿ. ಅಂಥ ಗಡಿಯೇ ಇಲ್ಲ. ಎಚ್‌ಆರ್‌ವಿ (ಹಾರ್ಟ್ ರೇಟ್ ವೇರಿಯಬಿಲಿಟಿ) ಎಂದರೆ ಒಂದು ಹೃದಯಬಡಿತಕ್ಕೂ ಮುಂದಿನದಕ್ಕೂ ನಡುವಿನ ಅಂತರದಲ್ಲಿ ಆಗುವ ಏರಿಳಿತ. ಅದನ್ನು ಮಿಲಿಸೆಕೆಂಡ್‌ಗಳಲ್ಲಿ ಹೇಳುತ್ತಾರೆ.

ನಿಮಿಷಕ್ಕೆ 60 ಬಡಿತವೆಂದರೆ ಸೆಕೆಂಡಿಗೆ ಸರಿಯಾಗಿ ಒಂದೊಂದು ಎಂದಲ್ಲ. ಒಂದು ಅಂತರ 940 ಮಿಲಿಸೆಕೆಂಡ್ ಇದ್ದರೆ ಮುಂದಿನದು 1,050 ಇರಬಹುದು. ಉಸಿರು ಎಳೆದುಕೊಂಡಾಗ, ಬಡಿತವನ್ನು ನಿಧಾನಗೊಳಿಸುವ ವೇಗಸ್ ನರದ ಹಿಡಿತ ಸಡಿಲಗೊಂಡು ಬಡಿತ ಚುರುಕಾಗುತ್ತದೆ, ಬಿಟ್ಟಾಗ ನಿಧಾನವಾಗುತ್ತದೆ. ನಮ್ಮ ಅರಿವಿಲ್ಲದೆ ದುಡಿಯುವ ಸ್ವಾಯತ್ತ ನರಮಂಡಲದ ಈ ಕೆಲಸವೇ ಎಚ್‌ಆರ್‌ವಿಯಲ್ಲಿ ಕಾಣುವುದು. ಕಸಿ ಮಾಡಿದ ಹೃದಯಕ್ಕೆ ಆರಂಭದಲ್ಲಿ ಆ ನರದ ಸಂಪರ್ಕ ಇರುವುದಿಲ್ಲ. ಹಾಗಾಗಿ ಅದು ಬಹುತೇಕ ಒಂದೇ ಲಯದಲ್ಲಿ, ತುಸು ವೇಗವಾಗಿಯೇ ಬಡಿಯುತ್ತದೆ.

ವಯಸ್ಸಾದಂತೆ ಎಚ್‌ಆರ್‌ವಿ ಇಳಿಯುವುದು ಸಹಜ. ಜ್ವರ, ನಿದ್ದೆಗೇಡು, ಮದ್ಯವೂ ಇಳಿಸುತ್ತವೆ. ಒಂದು ವಾಚ್ ಎಸ್‌ಡಿಎನ್‌ಎನ್ (ಎಲ್ಲ ಅಂತರಗಳ ಒಟ್ಟು ಏರಿಳಿತ) ತೋರಿಸಿದರೆ ಇನ್ನೊಂದು ಆರ್‌ಎಂಎಸ್‌ಎಸ್‌ಡಿ (ಒಂದರ ಹಿಂದೊಂದು ಬರುವ ಅಂತರಗಳ ನಡುವಿನ ವ್ಯತ್ಯಾಸ) ತೋರಿಸುತ್ತದೆ. ಲೆಕ್ಕವೇ ಬೇರೆ, ಹೋಲಿಸಬೇಡಿ. ಹೆಚ್ಚಿದ್ದಷ್ಟೂ ಒಳ್ಳೆಯದು ಎಂಬುದೂ ತಪ್ಪು: ಏಟ್ರಿಯಲ್ ಫಿಬ್ರಿಲೇಷನ್‌ನಂಥ ಲಯದೋಷದಲ್ಲಿ ಅಂಕಿ ಸುಮ್ಮನೆ ಏರುತ್ತದೆ.

ಅಳೆಯುವುದಾದರೆ ಬೆಳಿಗ್ಗೆ ಎದ್ದ ಕೂಡಲೇ, ಕಾಫಿಗೆ ಮೊದಲು, ದಿನವೂ ಒಂದೇ ಭಂಗಿಯಲ್ಲಿ 5 ನಿಮಿಷ ಅಳೆಯಿರಿ. ಕೈ ಅಲುಗಿದರೆ ಸೆನ್ಸರ್ ತಪ್ಪು ಓದುತ್ತದೆ. ಒಂದು ದಿನದ ಅಂಕಿಗಿಂತ ಕೆಲವು ವಾರಗಳ ಸರಾಸರಿ ಮುಖ್ಯ. ಎದೆನೋವು, ಉಸಿರುಕಟ್ಟುವಿಕೆ ಇದ್ದರೆ ವಾಚ್ ಏನೇ ತೋರಿಸಲಿ, ತಕ್ಷಣ ಆಸ್ಪತ್ರೆಗೆ ಹೋಗಿ ಇಸಿಜಿ ಮಾಡಿಸಿ.