ಇವತ್ತು ರಾತ್ರಿ ಒಬ್ಬ ಸಿಸ್ಟರ್‌ಗೆ ಎಷ್ಟು ರೋಗಿಗಳು?

ಮೇ 12, ನರ್ಸ್‌ಗಳ ದಿನ ಬಂದರೆ ಆಸ್ಪತ್ರೆಗಳಲ್ಲಿ ದೀಪ ಹಚ್ಚುತ್ತಾರೆ, ಕೇಕ್ ಕತ್ತರಿಸುತ್ತಾರೆ. ಈಗೀಗ ನರ್ಸ್‌ಗಳಿಗೆ ಧ್ಯಾನ, ಯೋಗದ ಶಿಬಿರವೂ ಇರುತ್ತದೆ. ಅದೆಲ್ಲ ಬೇಡ ಎನ್ನುವುದಿಲ್ಲ. ಆದರೆ ಮಂಗಳೂರಿನ ವಾರ್ಡ್‌ಗಳಲ್ಲಿ ವರ್ಷಗಟ್ಟಲೆ ದುಡಿದವಳಾಗಿ ಹೇಳುತ್ತೇನೆ, ನಮ್ಮವರು ಬಸವಳಿದು ಹೋಗುತ್ತಿರುವುದು ಮನಸ್ಸು ಗಟ್ಟಿ ಇಲ್ಲ ಅಂತ ಅಲ್ಲ. ಒಬ್ಬಳ ಕೈಗೆ ಅಷ್ಟು ಜಾಸ್ತಿ ರೋಗಿಗಳನ್ನು ಕೊಡುತ್ತಿದ್ದಾರೆ, ಅದಕ್ಕೆ.

ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಈ ಬಸವಳಿಕೆಯನ್ನು, ಅಂದರೆ ಬರ್ನ್‌ಔಟ್ ಅನ್ನು ಕೆಲಸದ ಜಾಗಕ್ಕೆ ಸಂಬಂಧಿಸಿದ್ದು ಎಂದೇ ವಿವರಿಸಿತು. ಶಕ್ತಿ ಬತ್ತುವುದು, ಕೆಲಸದ ಮೇಲೆ ಜಿಗುಪ್ಸೆ, ‘ನನ್ನಿಂದ ಏನೂ ಆಗುತ್ತಿಲ್ಲ’ ಎಂಬ ಭಾವನೆ. ಇದರಲ್ಲಿ ಜಿಗುಪ್ಸೆಯೇ ನನಗೆ ಹೆಚ್ಚು ನೋವು ಕೊಡುವುದು. ಒಳ್ಳೆಯ ನರ್ಸ್ ಒಬ್ಬಳಿಗೆ ರೋಗಿ ಬೆಲ್ ಒತ್ತಿದರೆ ಸಿಟ್ಟು ಬರಲು ಶುರುವಾಗುತ್ತದೆ. ಮನೆಗೆ ಹೋದ ಮೇಲೆ ಆ ಸಿಟ್ಟು ನೆನೆದು ಅವಳೇ ಅಳುತ್ತಾಳೆ.

ಅಮೆರಿಕದ ಲಿಂಡಾ ಐಕೆನ್ ಮತ್ತು ಸಂಗಡಿಗರು ಪೆನ್ಸಿಲ್ವೇನಿಯಾದ 168 ಆಸ್ಪತ್ರೆಗಳನ್ನು ನೋಡಿ 2002ರಲ್ಲಿ ಪ್ರಕಟಿಸಿದ ಅಧ್ಯಯನ ಇದೆ. ಒಬ್ಬ ನರ್ಸ್‌ಗೆ ಒಬ್ಬ ರೋಗಿ ಹೆಚ್ಚಾದರೆ ಬರ್ನ್‌ಔಟ್ ಆಗುವ ಸಂಭವ ಶೇ. 23ರಷ್ಟು ಹೆಚ್ಚಿತ್ತು. ಶಸ್ತ್ರಚಿಕಿತ್ಸೆಗೆ ಬಂದ ರೋಗಿ 30 ದಿನದೊಳಗೆ ಸಾಯುವ ಸಂಭವ ಶೇ. 7ರಷ್ಟು ಹೆಚ್ಚಿತ್ತು. ಅಂದರೆ ಇದು ಸಿಸ್ಟರ್‌ಗಳ ಸಮಸ್ಯೆ ಮಾತ್ರ ಅಲ್ಲ, ಮಂಚದ ಮೇಲೆ ಮಲಗಿರುವ ನಿಮ್ಮ ಅಮ್ಮನದ್ದೂ ಹೌದು.

ಕ್ಯಾಲಿಫೋರ್ನಿಯಾದಲ್ಲಿ ಒಬ್ಬ ನರ್ಸ್‌ಗೆ ಎಷ್ಟು ರೋಗಿಗಳು ಎಂಬುದಕ್ಕೆ 2004ರಿಂದ ಕಾನೂನಿನ ಮಿತಿ ಇದೆ. ನಮ್ಮಲ್ಲಿ ನರ್ಸಿಂಗ್ ಕೌನ್ಸಿಲ್‌ನ ಮಾನದಂಡ ಇದೆ: ಬೋಧಕ ಆಸ್ಪತ್ರೆಯ ಸಾಮಾನ್ಯ ವಾರ್ಡ್‌ನಲ್ಲಿ 3 ರೋಗಿಗಳಿಗೆ ಒಬ್ಬರು, ಬೇರೆ ಕಡೆ 5ಕ್ಕೆ ಒಬ್ಬರು. ಮಳೆಗಾಲದಲ್ಲಿ ಡೆಂಗಿ, ಇಲಿಜ್ವರದ ರೋಗಿಗಳು ತುಂಬಿದಾಗ ಯಾವುದಾದರೂ ವಾರ್ಡ್‌ಗೆ ರಾತ್ರಿ ಹೋಗಿ ನೋಡಿ. ಒಬ್ಬಳು ರಜೆ ಹಾಕಿದರೆ ಇನ್ನೊಬ್ಬಳಿಗೆ ಡಬಲ್ ಡ್ಯೂಟಿ. ಡ್ರಿಪ್ ಬದಲಿಸಬೇಕು, ಫೈಲ್ ಬರೆಯಬೇಕು, ಬೆಳಿಗ್ಗೆ ಮುಂದಿನ ಪಾಳಿಯವಳಿಗೆ ಹ್ಯಾಂಡ್‌ಓವರ್ ಮುಗಿಯದೆ ಹೊರಡುವ ಹಾಗಿಲ್ಲ.

ಮಂಗಳೂರು, ಮಣಿಪಾಲದಲ್ಲಿ ಇಷ್ಟೊಂದು ನರ್ಸಿಂಗ್ ಕಾಲೇಜುಗಳಿವೆ. ಆದರೂ ನರ್ಸ್ ಸಿಗುವುದಿಲ್ಲ ಅನ್ನುತ್ತಾರಲ್ಲ, ಯಾಕೆ? ಕೆಲಸ ಕಲಿತವರು ಗಲ್ಫ್, ಐರ್ಲೆಂಡ್, ಜರ್ಮನಿಗೆ ಹೋಗುತ್ತಾರೆ. ಅವರನ್ನು ದೂರುವ ಮನಸ್ಸು ನನಗಿಲ್ಲ. ಇಲ್ಲಿ ಉಳಿಯುವ ಸೀನಿಯರ್‌ಗೆ ಅವಳ ರೋಗಿಗಳ ಜೊತೆಗೆ ಹೊಸಬರ ಕೆಲಸವನ್ನೂ ನೋಡಿಕೊಳ್ಳುವ ಜವಾಬ್ದಾರಿ. ನಿನ್ನೆ ಸೇರಿದವಳ ಸಂಬಳಕ್ಕೂ ಅವಳ ಸಂಬಳಕ್ಕೂ ದೊಡ್ಡ ವ್ಯತ್ಯಾಸ ಇರುವುದಿಲ್ಲ.

ರೋಗಿಯ ಜೊತೆಗೆ ಇರುವ ಬೈಸ್ಟ್ಯಾಂಡರ್‌ಗಳಿಗೂ ಒಂದು ಮಾತು. ಡಾಕ್ಟರ್ ಬರಲಿಲ್ಲ, ಬಿಲ್ ಆಗಲಿಲ್ಲ, ಊಟ ತಣ್ಣಗಿತ್ತು, ಎಲ್ಲದಕ್ಕೂ ಬೈಯಲು ಸಿಗುವವಳು ಸಿಸ್ಟರ್ ಒಬ್ಬಳೇ. ದಯವಿಟ್ಟು ಬೈಯಬೇಡಿ, ಕೇಳಿ. ಅಡ್ಮಿಟ್ ಆಗುವಾಗ ರೂಮ್ ಬಾಡಿಗೆ ಕೇಳುತ್ತೀರಿ, ಏಸಿ ಇದೆಯಾ ಎಂದು ಕೇಳುತ್ತೀರಿ. ರಾತ್ರಿ ಈ ವಾರ್ಡ್‌ನಲ್ಲಿ ಒಬ್ಬ ನರ್ಸ್‌ಗೆ ಎಷ್ಟು ರೋಗಿಗಳು ಎಂದೂ ಕೇಳಿ. ಖಾಸಗಿ ಆಸ್ಪತ್ರೆಗಳು ಚಿಕಿತ್ಸೆಯ ದರ ಕಾಣುವ ಹಾಗೆ ಹಾಕಬೇಕು ಎಂದು ಕರ್ನಾಟಕದ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ (ಕೆಪಿಎಂಇ) ಹೇಳುತ್ತದೆ. ಈ ಸಂಖ್ಯೆಯನ್ನೂ ಅದೇ ಬೋರ್ಡ್‌ನಲ್ಲಿ, ಪಾಳಿ ಪಾಳಿಗೆ ಬರೆಯುವುದನ್ನು ಕಡ್ಡಾಯ ಮಾಡಲಿ. ಸರ್ಕಾರಿ ಆಸ್ಪತ್ರೆಗಳಲ್ಲೂ ಅಷ್ಟೇ.