ಮಾಂಧಾತನ ಕಾಲದ ಫ್ಯಾಷನ್ನು

ಫ್ಯಾಷನ್ ಅಂದ್ರೆ ಹೆಂಗಸರ ವಿಷಯ ಬಿಡ್ರಿ, ಅಂತ ಕೈ ಝಾಡಿಸೋ ಗಂಡಸರಿಗೆಲ್ಲ ನಾನು ಒಂದು ಫೋಟೋ ತೋರಿಸ್ತೀನಿ. 2023ರ ಅಕ್ಟೋಬರ್‌ನಲ್ಲಿ ಇಂಟರ್‌ನೆಟ್ ತುಂಬ ಓಡಾಡಿದ್ದು. ಕೆರಿಂಗ್ ಅಂತ ಒಂದು ಫ್ರೆಂಚ್ ಕಂಪನಿ, ಗುಚ್ಚಿ, ಸೇಂಟ್ ಲಾರೆಂಟ್, ಬಾಲೆನ್ಸಿಯಾಗಾ, ಬೊಟ್ಟೆಗಾ ವೆನೆಟಾ, ಮೆಕ್ವೀನ್, ಬ್ರಿಯೋನಿ ಎಲ್ಲ ಅವರದೇ, ಈ ಆರು ಫ್ಯಾಷನ್ ಬ್ರ್ಯಾಂಡಿನ ಆರು ಕ್ರಿಯೇಟಿವ್ ಡೈರೆಕ್ಟರ್‌ಗಳ, ಅಂದ್ರೆ ಮುಖ್ಯ ಡಿಸೈನರ್‌ಗಳ ಮುಖಾನ ಯಾರೋ ಪುಣ್ಯಾತ್ಮರು ಪಕ್ಕಪಕ್ಕ ಜೋಡಿಸಿ ಹಾಕಿದ್ರು. ಆರಕ್ಕೆ ಆರೂ ಗಂಡಸರು. ಆರಕ್ಕೆ ಆರೂ ಬಿಳಿಯರು. ಒಂದೇ ಸ್ಟುಡಿಯೋದಲ್ಲಿ ಒಬ್ಬರ ಹಿಂದೆ ಒಬ್ಬರು ಕೂತು ತೆಗೆಸ್ಕೊಂಡ ಪಾಸ್‌ಪೋರ್ಟ್ ಸೈಜ್ ಫೋಟೋ ಥರ ಕಾಣ್ತಿತ್ತು. ಅದರಲ್ಲಿ ಮೆಕ್ವೀನ್ ಕುರ್ಚಿ ಮೇಲೆ ಅಲ್ಲೀವರೆಗೆ ಇದ್ದದ್ದು ಸಾರಾ ಬರ್ಟನ್, 2010ರಲ್ಲಿ ಅದನ್ನ ಕಟ್ಟಿದ ಮೆಕ್ವೀನ್ ತೀರ್ಕೊಂಡ ಮೇಲೆ ಆ ಫ್ಯಾಷನ್ ಮನೆನ ಹದಿಮೂರು ವರ್ಷ ಎಳೆದೋರು, 2011ರಲ್ಲಿ ಕೇಟ್ ಮಿಡಲ್ಟನ್ ಮದುವೆ ಗೌನ್ ಮಾಡಿದೋರು. ಅವರು ಎದ್ದು ಹೋದ್ರು, ಲೆಕ್ಕ ಸರಿಹೋಯ್ತು. ಹೆಂಗಸರ ವಿಷಯದಲ್ಲಿ ಹೆಂಗಸರಿಗೇನ್ರೀ ಕೆಲಸ.

ನಾನು ಆ ಆರು ಜನರನ್ನ ಬೈತಾ ಇಲ್ಲ, ಪಾಪ, ಅವರು ಬರೀ ಪರಂಪರೆ ಪಾಲಿಸ್ತಾ ಇದ್ರು. ಫ್ಯಾಷನ್ ಇತಿಹಾಸ ಅಂತ ಯಾವ ಪುಸ್ತಕ ತೆಗೆದ್ರೂ ಮೊದಲ ಚಾಪ್ಟರ್‌ನಲ್ಲೇ ಒಬ್ಬ ಪಿತಾಮಹ ಸಿಗ್ತಾನೆ, ಚಾರ್ಲ್ಸ್ ಫ್ರೆಡರಿಕ್ ವರ್ತ್, ಇಂಗ್ಲೆಂಡಿನಿಂದ ಬಂದು 1858ರಲ್ಲಿ ಪ್ಯಾರಿಸ್ಸಿನಲ್ಲಿ ಅಂಗಡಿ ಹಾಕಿದ, ಅಲ್ಲಿಂದ ಓಟ್ ಕುಟ್ಯೂರ್, ಅಂದ್ರೆ ಗಿರಾಕಿ ಅಳತೆಗೆ ಕೈಯಲ್ಲಿ ಹೊಲಿಯೋ ದುಬಾರಿ ಫ್ಯಾಷನ್, ಹುಟ್ಟಿತು. ಅಪ್ಪ ಇದ್ದಾನೆ ಸರಿ, ಅಮ್ಮ ಎಲ್ಲಿ ಅಂತ ಕೇಳಿ ನೋಡಿ, ಯಾರ ಹತ್ತಿರಾನೂ ಉತ್ತರ ಇರಲ್ಲ. ಪುರಾಣದಲ್ಲಿ ಯುವನಾಶ್ವ ಅನ್ನೋ ರಾಜ ಬಾಯಾರಿಕೆ ತಡೀಲಾರದೆ ರಾಣಿಗೆ ಇಟ್ಟಿದ್ದ ಮಂತ್ರದ ನೀರು ಕುಡಿದು ತಾನೇ ಬಸುರಾಗಿ, ಪಕ್ಕೆ ಸೀಳಿ ಮಾಂಧಾತ ಹುಟ್ಟಿದ ಅಂತ ಕಥೆ ಇದೆಯಲ್ಲ, ಓಟ್ ಕುಟ್ಯೂರ್ ಕೂಡ ಹಾಗೇ, ಗಂಡಸಿನ ಪಕ್ಕೆಯಿಂದ ನೇರ ಡೆಲಿವರಿ. ಮಾಂಧಾತನ ಕಾಲದ ಫ್ಯಾಷನ್ ಅಂತ ಸುಮ್ಮನೆ ಹೇಳ್ತಾರಾ?

ಈ ಹೆರಿಗೆಗೆ ಎಂಬತ್ತು ವರ್ಷ ಮೊದಲೇ ಪ್ಯಾರಿಸ್ಸಿನ ಸೇಂಟ್ ಒನೊರೆ ಬೀದೀಲಿ ರೋಸ್ ಬರ್ಟಾಂ ಅನ್ನೋ ಹೆಂಗಸು ದೊಡ್ಡ ಅಂಗಡಿ ಇಟ್ಕೊಂಡು ಫ್ರಾನ್ಸಿನ ಮೇರಿ ಆಂಟ್ವಾನೆಟ್ ರಾಣಿಗೆ ಅಲಂಕಾರ ಮಾಡ್ತಿದ್ಲು. ಆಕೆಗೆ ಜನ ಇಟ್ಟ ಹೆಸರು ಫ್ಯಾಷನ್ ಮಿನಿಸ್ಟರ್, ಅದೂ ಗೌರವಕ್ಕಲ್ಲ, ಟೀಕೆಗೆ. ಗಂಡಸು ಮಾಡಿದ್ರೆ ಪಿತಾಮಹ, ಹೆಂಗಸು ಮಾಡಿದ್ರೆ ರಾಣಿ ಕಿವಿ ಊದೋ ಮಿನಿಸ್ಟ್ರು. ಇನ್ನೂ ಹಿಂದೆ ಹೋದ್ರೆ ಇನ್ನೂ ಮಜಾ. ಪ್ಯಾರಿಸ್ಸಿನಲ್ಲಿ ಹೆಂಗಸರ ಉಡುಪು ಹೊಲಿಯೋ ಹಕ್ಕು ಕಾನೂನು ಪ್ರಕಾರ ಗಂಡು ದರ್ಜಿಗಳ ಸಂಘದ ಕೈಲಿತ್ತು, ಹೆಂಗಸರು ಹೊಲಿದ್ರೆ ಅದು ಕಳ್ಳ ವ್ಯಾಪಾರ. 1675ರಲ್ಲಿ ಹದಿನಾಲ್ಕನೇ ಲೂಯಿ ಮಹಾರಾಜರು ದೊಡ್ಡ ಮನಸ್ಸು ಮಾಡಿ ಹೆಂಗಸರಿಗೂ ಒಂದು ಸಂಘ ಕೊಟ್ರು, ಹೆಂಗಸರಿಗೆ ಹೆಂಗಸರೇ ಬಟ್ಟೆ ತೊಡಿಸೋದು ಮರ್ಯಾದೆ ಅಂತ. ಆದ್ರೂ ಆಸ್ಥಾನಕ್ಕೆ ಹಾಕೋ ಬಿಗಿ ಬಿಗಿ ಕುಪ್ಪಸ, ಒಳಗೆ ಕಡ್ಡಿ ಸೇರಿಸಿ ಮಾಡೋದು, ಅದು ಮಾತ್ರ ಗಂಡಸರ ಹತ್ತಿರಾನೇ ಉಳೀತು. ಅಂದ್ರೆ ಮೈಗೆ ಹಾಯಾಗಿರೋದು ಹೊಲಿಯೋಕೆ ಹೆಂಗಸರು, ಉಸಿರು ಕಟ್ಟಿಸೋದಕ್ಕೆ ಸ್ಪೆಷಲಿಸ್ಟ್ ಬೇಕು.

ಆ ಉಸಿರು ಕಟ್ಟಿಸೋ ಕಾರ್ಸೆಟ್ಟಿಂದ ಹೆಂಗಸರಿಗೆ ಬಿಡುಗಡೆ ಕೊಡಿಸಿದ ಮಹಾನುಭಾವ ಯಾರು ಗೊತ್ತಾ? ಪ್ಯಾರಿಸ್ಸಿನ ಡಿಸೈನರ್ ಪಾಲ್ ಪ್ವಾರೆ. ಅವರೇ ಹೇಳ್ಕೊಂಡಿದ್ದಾರೆ, ಹಾಗಾಗಿ ನಿಜಾನೇ ಇರಬೇಕು. 1881ರಲ್ಲೇ ಲಂಡನ್ನಿನಲ್ಲಿ ಹೆಂಗಸರು ರ್ಯಾಷನಲ್ ಡ್ರೆಸ್ ಸೊಸೈಟಿ ಅಂತ ಕಟ್ಕೊಂಡು ಕಾರ್ಸೆಟ್ ಬೇಡ, ಭಾರದ ಲಂಗ ಬೇಡ ಅಂತ ಬೊಬ್ಬೆ ಹೊಡೆದಿದ್ರು, ಆದ್ರೆ ಅದು ಗಲಾಟೆ, ಇದು ಕ್ರಾಂತಿ. ಈ ಕ್ರಾಂತಿಕಾರಿ ಮೇಲಿನ ಗಂಟು ಬಿಚ್ಚಿ ಸುಮ್ಮನಿದ್ರಾ, 1910ರ ಹೊತ್ತಿಗೆ ಹಾಬಲ್ ಸ್ಕರ್ಟ್ ಅಂತ ತಂದ್ರು, ಮೊಣಕಾಲಿಂದ ಕೆಳಗೆ ಎಷ್ಟು ಬಿಗಿ ಅಂದ್ರೆ ಹೆಂಗಸರು ಕಾಲು ಕಟ್ಟಿದ ಕೋಳಿ ಥರ ಪುಟಪುಟ ಹೆಜ್ಜೆ ಇಡಬೇಕು. ಎದೆಗೆ ಸ್ವಾತಂತ್ರ್ಯ, ಕಾಲಿಗೆ ಕೋಳ. ಬಸ್ಸು ಹತ್ತೋದೇ ಆಗದ ಮೇಲೆ ಬಿಡುಗಡೆ ತಗೊಂಡು ಎಲ್ಲಿಗೆ ಹೋಗ್ತಾರೆ ಬಿಡಿ.

ಪ್ಯಾರಿಸ್ಸಿನಲ್ಲೇ ಅದೇ ಕಾಲಕ್ಕೆ ಜೀನ್ ಪಾಕಾಂ ಅನ್ನೋ ಡಿಸೈನರ್ ಇದ್ರು, 1891ರಲ್ಲಿ ಶುರು ಮಾಡಿದ ಮನೆ, 1900ರ ಪ್ಯಾರಿಸ್ ಮಹಾ ಪ್ರದರ್ಶನದಲ್ಲಿ ಫ್ಯಾಷನ್ ವಿಭಾಗಕ್ಕೆ ಅವರೇ ಅಧ್ಯಕ್ಷೆ, ಆ ಪ್ರದರ್ಶನದ ಹೆಬ್ಬಾಗಿಲ ಮೇಲೆ ನಿಲ್ಲಿಸಿದ್ದ ದೊಡ್ಡ ಹೆಣ್ಣು ಮೂರ್ತಿಗೆ ಉಡುಪೂ ಅವರದೇ. ಬಾಗಿಲ ಮೇಲೆ ನಿಲ್ಲಿಸಿದ್ರು, ಪುಸ್ತಕದ ಒಳಗೆ ಬಿಡಲಿಲ್ಲ ಅಷ್ಟೇ. 1913ರಲ್ಲಿ ಲೀಜನ್ ಆಫ್ ಆನರ್ ಕೂಡ ಬಂತು. ಹೆಸರು ಕೇಳಿದ್ದೀರಾ? ನಾನೂ ತುಂಬ ಲೇಟಾಗೇ ಕೇಳಿದ್ದು.

ಪ್ಯಾರಿಸ್ಸಿನ ಇನ್ನೊಬ್ಬ ಡಿಸೈನರ್ ಮಾದ್ಲೆನ್ ವಿಯೊನೆ ಕಥೆ ಮಾತ್ರ ನನಗೆ ಬಹಳ ಇಷ್ಟ. ಬಟ್ಟೆನ ನೇರ ಎಳೆ ಹಿಡಿದು ಕತ್ತರಿಸದೆ ಓರೆಯಾಗಿ ಕತ್ತರಿಸಿದ್ರೆ, ಟೈಲರ್‌ಗಳು ಕ್ರಾಸ್ ಅಂತಾರಲ್ಲ, ಅದು ಮೈಮೇಲೆ ನೀರು ಹರಿದ ಹಾಗೆ ಕೂರುತ್ತೆ. ಈ ಓರೆ ಕತ್ತರಿ ಮೊದಲು ಕಾಲರ್ರು ಪಟ್ಟಿ ಅಂತ ಚಿಲ್ಲರೆ ಕೆಲಸಕ್ಕೆ ಬಳಸ್ತಿದ್ದದ್ದು, ಈಯಮ್ಮ ಇಡೀ ಗೌನನ್ನೇ ಹಾಗೆ ಮಾಡಿದ್ರು. ಒಂದು ಪುಟ್ಟ ಮರದ ಬೊಂಬೆ ಮೇಲೆ ಬಟ್ಟೆ ಸುತ್ತಿ ಸುತ್ತಿ ಲೆಕ್ಕ ಹಾಕೋರು. ಕೆಲಸದ ಹೆಂಗಸರಿಗೆ ಡಾಕ್ಟರು, ಡೆಂಟಿಸ್ಟು, ಮಕ್ಕಳನ್ನ ಬಿಡೋಕೆ ಜಾಗ ಎಲ್ಲ ಆ ಕಾಲದಲ್ಲೇ ಮಾಡಿಸಿದ್ರು. ಡಿಸೈನ್ ಕದಿಯೋರ ಕಾಟ ವಿಪರೀತ ಆದಾಗ ಏನು ಮಾಡಿದ್ರು ಅಂದ್ರೆ, ಪ್ರತಿ ಉಡುಪಿನ ಲೇಬಲ್ ಮೇಲೂ ತಮ್ಮ ಹೆಬ್ಬೆಟ್ಟು ಒತ್ತಿದ್ರು. ಸಹಿ ಬೇಕಾದ್ರೆ ಫೋರ್ಜರಿ ಮಾಡಬಹುದು, ಹೆಬ್ಬೆಟ್ಟು ಎಲ್ಲಿಂದ ತರ್ತೀರಿ. ಎಂಥ ತಲೆ! ಆದ್ರೆ ನಮ್ಮ ಕಡೆ ಹೆಬ್ಬೆಟ್ಟು ಅಂದ್ರೆ ಏನರ್ಥ ಅಂತ ನಿಮಗೇ ಗೊತ್ತು, ಇತಿಹಾಸ ಬರೆದೋರೂ ಹಾಗೇ ಓದ್ಕೊಂಡ್ರು ಅನ್ಸುತ್ತೆ, ಹೆಬ್ಬೆಟ್ಟಾ, ಸರಿ, ಆ ಕಡೆ ನಿಂತ್ಕೊಳ್ಳಮ್ಮ.

ಇದಿಷ್ಟೂ ಬಿಳಿ ಹೆಂಗಸರ ಪಾಡು. ಅಮೆರಿಕಾದ ಆನ್ ಲೋ ಪಾಡು ಕೇಳಿ. ಅಲಬಾಮಾದ ಕ್ಲೇಟನ್‌ನಲ್ಲಿ ಹುಟ್ಟಿದೋರು, ಅಜ್ಜಿ ಗುಲಾಮಗಿರಿಯಲ್ಲಿದ್ದೋರು, ಅಜ್ಜಿ ಅಮ್ಮ ಇಬ್ಬರೂ ಹೊಲಿಗೆಯವರು. ನ್ಯೂಯಾರ್ಕಿನ ಡಿಸೈನ್ ಸ್ಕೂಲಿಗೆ ಹೋದ್ರೆ ಕಪ್ಪು ಬಣ್ಣ ಅಂತ ಬೇರೆ ರೂಮಲ್ಲಿ ಒಬ್ಬರನ್ನೇ ಕೂರಿಸಿದ್ರು. ಕೂತ್ರು, ಎಲ್ಲರಿಗಿಂತ ಮೊದಲು ಮುಗಿಸಿ ಹೊರಗೆ ಬಂದ್ರು. 1947ರಲ್ಲಿ ಒಲಿವಿಯಾ ಡಿ ಹ್ಯಾವಿಲ್ಯಾಂಡ್ ಆಸ್ಕರ್ ತಗೊಂಡಾಗ ಹಾಕಿದ್ದ ಹೂವಿನ ಚಿತ್ರದ ಗೌನು ಇವರ ಕೈಯದು, ಲೇಬಲ್ ಮೇಲಿದ್ದ ಹೆಸರು ಬೇರೆಯವರದು.

1953ರ ಸೆಪ್ಟೆಂಬರ್, ಜಾನ್ ಕೆನೆಡಿ ಮತ್ತು ಜಾಕ್ಲಿನ್ ಮದುವೆ, ಅಮೆರಿಕಾದಲ್ಲಿ ಆ ವರ್ಷ ಅದಕ್ಕಿಂತ ದೊಡ್ಡ ಮದುವೆ ಇಲ್ಲ. ಮದುಮಗಳ ಗೌನು ಆನ್ ಲೋ ಅವರದೇ, ಸುಮಾರು ಐವತ್ತು ಗಜ ರೇಷ್ಮೆ ಟಾಫೆಟಾ. ಮದುವೆಗೆ ಇನ್ನು ಹತ್ತು ದಿನ ಇದೆ ಅನ್ನೋವಾಗ ಅಂಗಡೀಲಿ ಪೈಪ್ ಒಡೆದು ನೀರು ನುಗ್ಗಿ, ಮದುಮಗಳದ್ದೂ ಸೇರಿ ಹದಿನೈದರಲ್ಲಿ ಹತ್ತು ಗೌನು ಹಾಳು. ಈಯಮ್ಮ ಒಬ್ಬರಿಗೂ ಹೇಳಲಿಲ್ಲ. ಮತ್ತೆ ಬಟ್ಟೆ ತಂದು, ಮತ್ತೆ ಜನ ಸೇರಿಸಿ, ಎರಡು ತಿಂಗಳ ಕೆಲಸಾನ ಹತ್ತು ದಿನದಲ್ಲಿ ಮುಗಿಸಿದ್ರು. 700 ಡಾಲರ್ ಲಾಭ ಬರಬೇಕಿದ್ದ ಆರ್ಡರ್‌ನಲ್ಲಿ 2,200 ಡಾಲರ್ ಕೈಯಿಂದ ಹೋಯ್ತು. ಗೌನು ತಲುಪಿಸೋಕೆ ಹೋದಾಗ ಹಿಂದಿನ ಬಾಗಿಲಿಂದ ಬಾ ಅಂದ್ರಂತೆ, ಮುಂದಿನ ಬಾಗಿಲಿಂದ ಬಿಡದಿದ್ರೆ ಗೌನು ವಾಪಸ್ ಹೋಗುತ್ತೆ ಅಂದ್ರಂತೆ ಇವರು. ಬಾಗಿಲು ತೆಗೀತು.

ಮರುದಿನ ಪೇಪರ್‌ಗಳಲ್ಲಿ ಆ ಗೌನಿನ ಬಣ್ಣ, ನೆರಿಗೆ, ಕತ್ತು, ಎಲ್ಲ ಬಂತು, ಹೊಲಿದೋರ ಹೆಸರು ಒಂದು ಬಿಟ್ಟು. ಒಂದೆರಡು ಕಡೆ ಎಲ್ಲೋ ಬಂದಿರಬಹುದು, ಹುಡುಕಬೇಕು ಅಷ್ಟೇ. ಕೆಲವು ವರ್ಷ ಆದ ಮೇಲೆ ಒಂದು ಮ್ಯಾಗಝೀನ್ ಬರೀತು, ಆ ಗೌನು ಮಾಡಿದ್ದು ದೊಡ್ಡ ಡಿಸೈನರ್ ಅಲ್ಲ, ಒಬ್ಬ ಕಪ್ಪು ದರ್ಜಿ ಹೆಂಗಸು ಅನ್ನೋ ಅರ್ಥದಲ್ಲಿ. 1964ರಲ್ಲಿ ಇನ್ನೊಂದು ಪತ್ರಿಕೆ ಇವರನ್ನ ಶ್ರೀಮಂತ ಸಮಾಜ ಬಹಳ ಜೋಪಾನವಾಗಿ ಕಾಪಾಡಿದ ಗುಟ್ಟು ಅಂತ ಹೊಗಳಿತು. ನೋಡಿ, ಯಾರ ಗಂಡ ಯಾರ ಜೊತೆ ಓಡಿಹೋದ ಅಂತ ಸಂಜೆಯೊಳಗೆ ಊರಿಗೆಲ್ಲ ಹಂಚೋ ಜನ ಇವರು, ಅವರ ಹೊಟ್ಟೆಯಲ್ಲಿ ಉಳಿದದ್ದು ಒಂದೇ ಒಂದು ಗುಟ್ಟು, ಟೈಲರ್ ಹೆಸರು! ಹೋಗ್ಲಿ, ಗೌನು ಮಾತ್ರ ಬಾಸ್ಟನ್ನಿನ ಕೆನೆಡಿ ಲೈಬ್ರರೀಲಿ ಭದ್ರವಾಗಿದೆ.

ಈಗ ಇದಕ್ಕೆ ಉಲ್ಟಾ ಒಂದು ಕೇಸ್. 1914ರಲ್ಲಿ ಮೇರಿ ಫೆಲ್ಪ್ಸ್ ಜೇಕಬ್ ಅನ್ನೋ ಅಮೆರಿಕನ್ ಹುಡುಗಿ ಬ್ರಾಗೆ ಪೇಟೆಂಟ್ ತಗೊಂಡ್ಲು. ಎರಡು ರೇಷ್ಮೆ ಕರ್ಚೀಫು, ಒಂದಿಷ್ಟು ರಿಬ್ಬನ್, ಜೊತೆಗೆ ಮನೆಗೆಲಸದಾಕೆಯ ಸಹಾಯ (ಆ ಕೆಲಸದಾಕೆಗೆ ಪೇಟೆಂಟಲ್ಲಿ ಪಾಲಿಲ್ಲ, ಅದು ಬೇರೆ ಕಾಲಮ್ಮಿಗೆ ವಿಷಯ). ಆಮೇಲೆ ಅದನ್ನ 1,500 ಡಾಲರ್‌ಗೆ ಕಾರ್ಸೆಟ್ ಕಂಪನಿಗೆ ಮಾರಿದ್ಲು. ದಾಖಲೆ ಇದೆ, ನಂಬರ್ ಇದೆ, ಚಿತ್ರ ಇದೆ. ಆದ್ರೂ 1971ರಲ್ಲಿ ಒಬ್ಬ ಲೇಖಕ ತಮಾಷೆಗೆ ಅಂತ ಒಟ್ಟೊ ಟಿಟ್ಸ್ಲಿಂಗ್ ಅನ್ನೋ ಗಂಡಸನ್ನ ಸೃಷ್ಟಿ ಮಾಡಿ, ಬ್ರಾ ಕಂಡುಹಿಡಿದದ್ದು ಇವನೇ ಅಂತ ಪುಸ್ತಕ ಬರೆದುಬಿಟ್ಟ, ಜನ ನಂಬಿಬಿಟ್ರು, ಟ್ರಿವಿಯಲ್ ಪರ್ಸ್ಯೂಟ್ ಅನ್ನೋ ಕ್ವಿಜ್ ಆಟದಲ್ಲೂ ಅದೇ ಸರಿ ಉತ್ತರ ಆಯ್ತು. ಅಂದ್ರೆ ಇದ್ದ ಹೆಂಗಸಿಗಿಂತ ಇಲ್ಲದ ಗಂಡಸು ಹೆಚ್ಚು ನಂಬಿಕಸ್ಥ. ಫ್ಯಾಷನ್ ಇತಿಹಾಸದಲ್ಲಿ ಹೆಸರು ಮಾಡಬೇಕಾದ್ರೆ ಗಂಡಸು ಹುಟ್ಟಬೇಕು ಅಂತಾನೂ ಇಲ್ಲ ನೋಡಿ, ಗಂಡು ಹೆಸರೊಂದಿದ್ರೆ ಸಾಕು.

ಗಂಡಸರಿಗೆ ಅನ್ಯಾಯ ಆಗೇ ಇಲ್ವಾ ಅಂತ ಯಾರೋ ಹಿಂದಿನಿಂದ ಕೇಳ್ತಾರೆ, ಆಗಿದೆ ಸ್ವಾಮಿ. 1954ರ ಸಬ್ರಿನಾ ಸಿನಿಮಾದಲ್ಲಿ ಆಡ್ರಿ ಹೆಪ್ಬರ್ನ್ ಹಾಕಿದ, ಝಿವೆಂಶಿ ಅನ್ನೋ ಫ್ರೆಂಚ್ ಡಿಸೈನರ್ ಮಾಡಿದ ಉಡುಪುಗಳಿಗೂ ಸೇರಿಸಿ ಆಸ್ಕರ್ ಹೋಗಿದ್ದು ಈಡಿತ್ ಹೆಡ್ ಅನ್ನೋ ಹೆಂಗಸಿಗೆ, ಆತನ ಹೆಸರೇ ಬರಲಿಲ್ಲ. ಖಂಡಿತ ತಪ್ಪು. ಈ ತಪ್ಪಿಗೆ ಫ್ಯಾಷನ್ ಬರಹಗಾರರು ಎಪ್ಪತ್ತು ವರ್ಷದಿಂದ ಕಣ್ಣೀರು ಹಾಕ್ತಾನೇ ಇದ್ದಾರೆ, ಕರ್ಚೀಫ್ ಒಣಗೋಕೆ ಪುರುಸೊತ್ತಿಲ್ಲ. ಅದರಲ್ಲಿ ಒಂದು ಮೂಲೆ ಹರಿದು ಆನ್ ಲೋಗೂ ಕೊಟ್ಟಿದ್ರೆ ಆಗ್ತಿತ್ತು.

ಹೆಂಗಸರಿಗೆ ಏನೂ ಕೊಟ್ಟೇ ಇಲ್ಲ ಅನ್ನೋದೂ ತಪ್ಪಾಗುತ್ತೆ. ಪದವಿ ಕೊಟ್ಟಿದ್ದಾರೆ, ಮ್ಯೂಸ್ ಅಂತ, ಅಂದ್ರೆ ಸ್ಫೂರ್ತಿದೇವತೆ. ಪ್ಯಾರಿಸ್ಸಿನ ಡಿಸೈನರ್ ಕ್ರಿಶ್ಚಿಯನ್ ಡಿಯೋರ್ ಪಕ್ಕದಲ್ಲಿ ಮಿಟ್ಸಾ ಬ್ರಿಕಾರ್ ಇದ್ರು, ಟೋಪಿ ಗೊತ್ತು, ಬಟ್ಟೆ ಗೊತ್ತು, ಯಾವುದು ಹೆಚ್ಚಾಯ್ತು ಯಾವುದು ಕಮ್ಮಿ ಆಯ್ತು ಗೊತ್ತು, ಅದನ್ನೆಲ್ಲ ಮಾಡೋ ಗಂಡಸಿಗೆ ಡಿಸೈನರ್ ಅಂತಾರೆ, ಇವರಿಗೆ ದೇವತೆ ಅಂದ್ರು. ದೇವತೆಗೆ ಮಂಗಳಾರತಿ ಸಿಗುತ್ತೆ, ಲೇಬಲ್ ಸಿಗಲ್ಲ. ಅದೇ ಮನೇಲಿ ಡಿಯೋರ್ ಗೆರೆಗಳನ್ನೆಲ್ಲ ನಿಜವಾದ ಬಟ್ಟೆ ಮಾಡಿ ನಿಲ್ಲಿಸ್ತಿದ್ದ ವರ್ಕ್‌ರೂಮ್ ನಡೆಸ್ತಿದ್ದದ್ದು ಮಾರ್ಗರಿಟ್ ಕಾರೆ, ಅವರೂ ಹೆಂಗಸೇ. 1946ರಲ್ಲಿ ಶುರುವಾದ ಆ ಮನೆಗೆ ಮೊದಲ ಹೆಣ್ಣು ಡೈರೆಕ್ಟರ್ ಬಂದದ್ದು 2016ರಲ್ಲಿ, ಮರಿಯಾ ಗ್ರಾಝಿಯಾ ಕಿಯೂರಿ. ಹೆಂಗಸರ ಲಂಗಕ್ಕೆ ಹೆಂಗಸೊಬ್ಬಳನ್ನ ನಂಬೋಕೆ ಎಪ್ಪತ್ತು ವರ್ಷ ಬೇಕಾಯ್ತು, ಬಂದ ತಕ್ಷಣ ಮೊದಲ ಶೋನಲ್ಲೇ ಎಲ್ಲರೂ ಸ್ತ್ರೀವಾದಿಗಳಾಗಬೇಕು ಅಂತ ಬರೆದ ಟೀಶರ್ಟ್ ಬಂತು, ಬೆಲೆ 710 ಡಾಲರ್. ಎಪ್ಪತ್ತು ವರ್ಷದ ಬಡ್ಡಿ ಸೇರಿಸಿದ್ರು ಅನ್ಸುತ್ತೆ, ಕಟ್ಟೋರು ಮಾತ್ರ ಮತ್ತೆ ಹೆಂಗಸರೇ.

ಜೇಬಿನ ವಿಷಯ ಹೇಳದಿದ್ರೆ ನನಗೆ ನಿದ್ದೆ ಬರಲ್ಲ. ಹೆಂಗಸರ ಬಟ್ಟೇಲಿ ಜೇಬೇ ಇರಲ್ಲ, ಇದ್ರೂ ಎರಡು ಬೆರಳು ಹೋಗೋಷ್ಟು, ಕೆಲವು ಸಲ ಬರೀ ಹೊಲಿಗೆ ಗೆರೆ, ಮೋಸದ ಜೇಬು. ಅಮೆರಿಕಾದ ಕ್ಲೇರ್ ಮೆಕಾರ್ಡೆಲ್ 1930, 40ರ ದಶಕದಲ್ಲೇ ಡ್ರೆಸ್ಸಿಗೆ ಸರಿಯಾದ ಜೇಬಿಟ್ರು, ಇನ್ನೊಬ್ಬರ ಸಹಾಯ ಇಲ್ಲದೆ ತಾನೇ ಹಾಕ್ಕೊಳ್ಳೋ ಹಾಗೆ ಕಟ್ಟು, ಕೊಕ್ಕೆ ಎಲ್ಲ ಕೈಗೆ ಸಿಗೋ ಕಡೆ ಇಟ್ರು, 1942ರಲ್ಲಿ ಪಾಪೋವರ್ ಅಂತ ಡೆನಿಮ್ ಡ್ರೆಸ್ ಮಾಡಿ ಅದಕ್ಕೆ ಬಿಸಿ ಪಾತ್ರೆ ಹಿಡಿಯೋ ಕೈಗವಸೂ ಅಂಟಿಸಿ 6.95 ಡಾಲರ್‌ಗೆ ಮಾರಿದ್ರು. 1955ರಲ್ಲಿ ಟೈಮ್ ಪತ್ರಿಕೆಯ ಮುಖಪುಟದಲ್ಲೂ ಬಂದ್ರು. 1958ರಲ್ಲಿ ತೀರ್ಕೊಂಡ್ರು. ಹೆಸರು ಹೋಯ್ತು, ಅವರ ಹಿಂದೇನೇ ಜೇಬೂ ಹೋಯ್ತು.

ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂಗೂ ಇದೆಲ್ಲ ಗೊತ್ತಾಗಿದೆ. 1946ರಿಂದ ಅವರ ಹತ್ತಿರ ಉಡುಪಿಗಂತಲೇ ಒಂದು ವಿಭಾಗ ಇದೆ, ಹೆಂಗಸು ಡಿಸೈನರ್‌ಗಳನ್ನೇ ಒಟ್ಟಾಗಿ ತೋರಿಸೋ ಮೊದಲ ದೊಡ್ಡ ಪ್ರದರ್ಶನ ಆ ವಿಭಾಗದಿಂದ ಬಂದದ್ದು 2023ರ ಡಿಸೆಂಬರ್‌ನಲ್ಲಿ. 2020ಕ್ಕೇ ಮಾಡಬೇಕಂತಿದ್ರು, ಅಮೆರಿಕಾದಲ್ಲಿ ಹೆಂಗಸರಿಗೆ ಓಟು ಸಿಕ್ಕಿ ನೂರು ವರ್ಷ ಅಂತ, ಕೊರೋನಾದಲ್ಲಿ ಮುಂದಕ್ಕೆ ಹೋಯ್ತು. ಪರವಾಗಿಲ್ಲ, ಇಷ್ಟು ಕಾದೋರಿಗೆ ಮೂರು ವರ್ಷ ಯಾವ ಲೆಕ್ಕ.

ಇದೇ ಮ್ಯೂಸಿಯಂ 1994ರಲ್ಲಿ ಮದಾಂ ಗ್ರೆ ಅವರ ಉಡುಪುಗಳದ್ದೇ ಒಂದು ಪ್ರದರ್ಶನ ಮಾಡಿತ್ತು. ಶಿಲ್ಪಿ ಆಗಬೇಕು ಅಂತಿದ್ದೋರು, ಮನೆಯವರು ಬೇಡ ಅಂದ್ರು ಅಂತ ಬಟ್ಟೇಲೇ ನೆರಿಗೆ ಕೆತ್ತಿ ಗ್ರೀಕ್ ಶಿಲ್ಪದ ಥರ ನಿಲ್ಲಿಸಿದೋರು. ಗ್ರೆ ಅನ್ನೋದೂ ಅವರ ಸ್ವಂತ ಹೆಸರಲ್ಲ, ಗಂಡನ ಹೆಸರಿನ ಅಕ್ಷರ ತಿರುಗಾಮುರುಗಾ ಮಾಡಿ ಕಟ್ಕೊಂಡದ್ದು. ಪ್ರದರ್ಶನ ನಡೀತು, ಜನ ಬಂದ್ರು, ಬರೆಯೋರು ಬರೆದ್ರು, ಹಿರಿಯ ಜೀವಕ್ಕೆ ಗೌರವ ಸಿಕ್ಕಿತು ಅಂತ ಎಲ್ಲರಿಗೂ ಖುಷಿ. ಡಿಸೆಂಬರ್‌ನಲ್ಲಿ ಒಂದು ಫ್ರೆಂಚ್ ಪತ್ರಿಕೆ ಬಯಲು ಮಾಡಿತು, ಮದಾಂ ಗ್ರೆ ತೀರ್ಕೊಂಡು ಆಗಲೇ ಒಂದು ವರ್ಷ ಆಗಿತ್ತು. ಮಗಳು ಯಾರಿಗೂ ಹೇಳಿರಲಿಲ್ಲ, ಅಮ್ಮನ ಪರವಾಗಿ ಕೇಳಿದೋರಿಗೆಲ್ಲ ತಾನೇ ಉತ್ತರ ಕೊಡ್ತಾ ಇದ್ಲು. ಮಗಳು ಯಾಕೆ ಹಾಗೆ ಮಾಡಿದ್ಲು ಅಂತ ಆಮೇಲೆ ಎಲ್ಲರೂ ತಲೆ ಕೆಡಿಸ್ಕೊಂಡ್ರು. ಒಂದು ವರ್ಷ ಪೂರ್ತಿ ಇಡೀ ಫ್ಯಾಷನ್ ಲೋಕದಲ್ಲಿ ಒಬ್ಬರೂ ಹೋಗಿ ಬಾಗಿಲು ತಟ್ಟಿ, ಅಮ್ಮ ಎಲ್ಲಮ್ಮಾ, ಒಂದು ಸಲ ನೋಡಬೇಕು ಅಂತ ಯಾಕೆ ಕೇಳಲಿಲ್ಲ ಅಂತ ಮಾತ್ರ ಯಾರೂ ತಲೆ ಕೆಡಿಸ್ಕೊಂಡ ಹಾಗೆ ಕಾಣಲ್ಲ.