ಹೆಬ್ಬಾರರ ಗೆರೆ ನೋಡಲು ಹೋದರೆ ಲೈಟಿನದೇ ದರ್ಶನ

ಚಿತ್ರಕಲಾವಿದ ಕೆ.ಕೆ. ಹೆಬ್ಬಾರರ ಚಿತ್ರಗಳು ಇಷ್ಟೊಂದು ಒಂದೇ ಕಡೆ ಸಿಗುವುದು ಅಪರೂಪ. ಉಡುಪಿ ಹತ್ತಿರದ ಕಟ್ಟಿಂಗೇರಿಯಲ್ಲಿ 1911ರಲ್ಲಿ ಹುಟ್ಟಿ, ಮುಂಬೈಯಲ್ಲಿ ಬಾಳಿ, 1996ರಲ್ಲಿ ತೀರಿಕೊಂಡವರು. ಚಿತ್ರಗಳು ಎಲ್ಲೆಲ್ಲೋ ಹಂಚಿಹೋಗಿವೆ. ಬೆಂಗಳೂರಿನಲ್ಲೇ ಅವರ ಸಿಂಹಾವಲೋಕನ ಪ್ರದರ್ಶನ ಅಂತ ಗೊತ್ತಾದಾಗ ಭಾನುವಾರದ ನಿದ್ದೆ ಬಿಟ್ಟು ಮೆಟ್ರೋ ಹತ್ತಿದೆ. ಸಿಕ್ಕಿದ್ದು ಕುತ್ತಿಗೆ ನೋವು.

ಹೆಬ್ಬಾರರು ಅಂದರೆ ಗೆರೆ, ಅಲ್ವಾ? ಲಯ ಮೈಗೆ ಹತ್ತಲಿ ಅಂತ ಕಥಕ್ ಕಲಿತ ಮನುಷ್ಯ. ನಾಲ್ಕೈದು ಗೆರೆಯಲ್ಲಿ ನರ್ತಕಿ ಎದ್ದು ನಿಲ್ಲುತ್ತಾಳೆ. ಶಾಯಿ ಎಲ್ಲಿ ದಪ್ಪವಾಯಿತು, ಎಲ್ಲಿ ತೆಳುವಾಗಿ ಜಾರಿತು ಅನ್ನುವುದನ್ನು ಹತ್ತಿರ ನಿಂತೇ ನೋಡಬೇಕು. ಪ್ರದರ್ಶನ ಇಟ್ಟ ಈ ಪುಣ್ಯಾತ್ಮರು ಮಾಡಿದ್ದೇನು? ಫ್ರೇಮಿಗೆ ಫಳಫಳ ಹೊಳೆಯುವ ಮಾಮೂಲಿ ಗಾಜು. ಅದಕ್ಕೆ ಎದುರಿನಿಂದ ನೆಟ್ಟಗೆ ಸ್ಪಾಟ್‌ಲೈಟು. ನರ್ತಕಿಯ ಮುಖ ಇರಬೇಕಾದ ಜಾಗದಲ್ಲಿ ಕಣ್ಣು ಕುಕ್ಕುವ ಬಿಳಿ ಚುಕ್ಕೆ. ಅದರ ಕೆಳಗೆ ನನ್ನದೇ ಕನ್ನಡಕ. ಎಡಕ್ಕೆ ಸರಿದರೆ ಬಿಳಿ ಚುಕ್ಕೆಯೂ ಜೊತೆಗೇ ಸರಿಯುತ್ತದೆ. ಬಗ್ಗಿದರೆ ತೋಳು ಸಿಕ್ಕಿತು, ಪಾದ ಹೋಯಿತು!

ಅಲ್ಲಿ ನಿಂತಿದ್ದ ಹುಡುಗನನ್ನು ಕೇಳಿದೆ. "ಫೋಟೋ ಚೆನ್ನಾಗಿ ಬರ್ಲಿ ಅಂತ ಲೈಟ್ ಜಾಸ್ತಿ ಹಾಕ್ಸಿದ್ದಾರೆ ಸಾರ್" ಅಂದ. ಅವನ ಮೇಲೆ ಸಿಟ್ಟಿಲ್ಲ. ಪಾಪ, ನಿಜ ಹೇಳಿದ. ಆದರೆ ಆ ಫೋಟೋ ಚಿತ್ರದ್ದಲ್ಲ, ಚಿತ್ರಕ್ಕೆ ಬೆನ್ನು ಹಾಕಿ ನಿಂತವರದ್ದು.

ಹೊಟ್ಟೆ ಉರಿಯುವುದು ಇನ್ನೊಂದಕ್ಕೆ. ಕಾಗದದ ಮೇಲಿನ ಚಿತ್ರಕ್ಕೆ 50 ಲಕ್ಸ್‌ಗಿಂತ (ಲಕ್ಸ್ ಅಂದರೆ ಬೀಳುವ ಬೆಳಕಿನ ಅಳತೆ) ಜಾಸ್ತಿ ಬೆಳಕು ಬೇಡ ಅನ್ನುವುದು ಮ್ಯೂಸಿಯಂಗಳ ಹಳೇ ರೂಢಿ. ಜಾಸ್ತಿಯಾದರೆ ಕಾಗದ ಹಳದಿಯಾಗುತ್ತದೆ, ಬಣ್ಣ ಮಾಸುತ್ತದೆ. ಒಮ್ಮೆ ಮಾಸಿದ್ದು ವಾಪಸ್ ಬರುವುದಿಲ್ಲ. ಇಲ್ಲಿ ನೋಡಿದರೆ ಮದುವೆ ಛತ್ರದ ಸ್ಟೇಜಿನ ಹಾಗೆ ಝಗಮಗ.

ದುಡ್ಡಿಲ್ಲ ಅನ್ನಬೇಡಿ. ಬಾಗಿಲಲ್ಲಿ ಎರಡಾಳೆತ್ತರದ ಫ್ಲೆಕ್ಸ್ ನಿಲ್ಲಿಸಿದ್ದೀರಿ. ಉದ್ಘಾಟನೆಗೆ ಬಂದವರೆಲ್ಲರ ಮುಖ ಅದರಲ್ಲಿ ಬಲು ಸ್ಪಷ್ಟ. ಹೆಬ್ಬಾರರು ಮಾತ್ರ ಮೂಲೆಯಲ್ಲಿ, ಪ್ರಾಯೋಜಕರ ಲೋಗೋ ಪಕ್ಕ.

ಇದೇನು ದೊಡ್ಡ ಖರ್ಚಿನ ಕೆಲಸವೂ ಅಲ್ಲ. ಲೈಟನ್ನು ಮೇಲಿನಿಂದ ಸುಮಾರು 30 ಡಿಗ್ರಿ ಓರೆಯಲ್ಲಿ ಬೀಳಿಸಿ, ಪ್ರಖರತೆ ಇಳಿಸಿ. ಪ್ರತಿಫಲನ ಕಣ್ಣಿಗೆ ಹೊಡೆಯದೆ ನೆಲದ ಕಡೆ ಹೋಗುತ್ತದೆ. ಒಂದು ಏಣಿ, ಒಬ್ಬ ಎಲೆಕ್ಟ್ರಿಷಿಯನ್, ಅರ್ಧ ದಿನ. ಸೋಮವಾರ ಹೇಗೂ ರಜೆ ಇದೆಯಲ್ಲ, ಅವತ್ತೇ ಮಾಡಿಸ್ರಪ್ಪಾ!